ಬಿಚ್ಚಿ ನೋಡಿ ಬೆಲೆ ಕಟ್ಟಿರಿ : ಸಂಘದ ಹಳೇ ಪಿಕಪ್ಪಿನ ಗೇರ್ ಬಾಕ್ಸು

(ಹಂಸಭಾವಿಯಲ್ಲಿ ನಡೆದ ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮಗೆ ವಹಿಸಿಕೊಟ್ಟ ವಿಷಯ ‘ಸಂಘದ ಆಸ್ತಿಯ ರಕ್ಷಣೆ’. ವಿಷಯ ದೊಡ್ಡದು. ಅದರ ಮೇಲೆ ಶಾಸ್ತ್ರ ಹೇಳುವಷ್ಟು ಓದು ನಮ್ಮದಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ರಂಟಿ ಹಿಡಿದವರು ನಾವು. ಆದ್ದರಿಂದ ಕಳೆದ ಬೇಸಿಗೆಯಲ್ಲಿ ನಮ್ಮ ಆಡಳಿತ ಮಂಡಳಿ ನಿಂತು ಮಾಡಿಸಿದ ಒಂದೇ ಒಂದು ಕೆಲಸವನ್ನು ತಮ್ಮ ಮುಂದೆ ಇಡುತ್ತೇವೆ. ಅದು ಸಂಘದ ಹಳೇ ಪಿಕಪ್ ಗಾಡಿಯ ಗೇರ್ ಬಾಕ್ಸನ್ನು ಬಿಚ್ಚಿ, ಸವೆದದ್ದನ್ನು ತೆಗೆದು, ಮರಳಿ ಕಟ್ಟಿದ ಕೆಲಸ. ಬೆಳ್ಳಿ ಹಬ್ಬದಲ್ಲಿ ಗೇರ್ ಬಾಕ್ಸಿನ ಪುರಾಣ ಯಾಕ್ರಿ ಅಂತ ಯಾರಾದರೂ ಕೇಳಿಯಾರು. ಈ ಸಭೆಯಲ್ಲಿ ಕೂತವರ ಪೈಕಿ ಆ ಗಾಡಿಯ ಋಣ ಇಲ್ಲದ ಮನೆ ಕಡಿಮೆ. ಅದಕ್ಕೇ ಹೇಳುತ್ತೇವೆ.

ಮಿರಗದ ಮಳಿ ಬಿದ್ದ ಮರುದಿನ ನಮ್ಮ ಭಾಗದಲ್ಲಿ ಎಲ್ಲರಿಗೂ ಏಕಕಾಲಕ್ಕೆ ಬೀಜ ಬೇಕು, ಗೊಬ್ಬರ ಬೇಕು. ಎರಡು ಎಕರೆ ಗೋವಿನಜೋಳದವನಿಗೆ ಬೇಕಾದದ್ದು ನಾಲ್ಕಾರು ಚೀಲ. ಅಷ್ಟಕ್ಕೆ ಟ್ರ್ಯಾಕ್ಟರ್ ಬಾಡಿಗೆ ಹಿಡಿದರೆ ಗೊಬ್ಬರಕ್ಕಿಂತ ಬಾಡಿಗೆಯೇ ಭಾರ. ಸುಗ್ಗಿಯಲ್ಲೂ ಅದೇ ಮಾತು. ಬ್ಯಾಡಗಿ ಪೇಟೆಗೆ ಎರಡು ಚೀಲ ಮೆಣಸಿನಕಾಯಿ ಒಯ್ಯುವವನು ಒಬ್ಬನೇ ಗಾಡಿ ಮಾಡಿಕೊಂಡು ಹೋಗಲಾರ. ಹತ್ತು ಜನರ ಚೀಲ ಕೂಡಿಸಿ ಒಂದು ಲೋಡ್ ಆದರೆ ಎಲ್ಲರಿಗೂ ಗಿಟ್ಟುತ್ತದೆ. ಈ ಕೂಡಿಸುವ ಕೆಲಸವನ್ನೇ ನಮ್ಮ ಪಿಕಪ್ಪು ಮಾಡಿಕೊಂಡು ಬಂದಿದೆ. ಅದು ಐದು ಗೇರಿನ ಡೀಸೆಲ್ ಗಾಡಿ. ಸಂಘಕ್ಕೆ ಬರುವಾಗಲೇ ಒಬ್ಬರ ಕೈಯಲ್ಲಿ ದುಡಿದು ಬಂದದ್ದು. ಎಂಟು ವರ್ಷ ದಾಟಿದ ಸಾಗಣೆ ವಾಹನಕ್ಕೆ ವರ್ಷವರ್ಷವೂ ಎಫ್.ಸಿ. ಮಾಡಿಸಬೇಕು, ಅದನ್ನೂ ತಪ್ಪದೆ ಮಾಡಿಸುತ್ತ ಬಂದಿದ್ದೇವೆ.

ಇಂಥ ಗಾಡಿ ಕಳೆದ ಬೇಸಿಗೆಯ ಹೊತ್ತಿಗೆ ಸದ್ದು ಮಾಡತೊಡಗಿತು. ಮೊದಲು ನ್ಯೂಟ್ರಲ್‌ನಲ್ಲಿ ನಿಂತಾಗ ಗಿರಣಿಯಂತೆ ಗುರುಗುಟ್ಟುವುದು. ಬರಬರುತ್ತ ಎರಡರಿಂದ ಮೂರಕ್ಕೆ ಹಾಕುವಾಗ ಕರ್ ಅನ್ನುವುದು. ಕೊನೆಗೆ ಇಳಿಜಾರಿನಲ್ಲಿ ಮೂರನೇ ಗೇರು ತಾನೇ ಜಿಗಿದು ನ್ಯೂಟ್ರಲ್‌ಗೆ ಬೀಳುವುದು. ಕೊನೆಯದು ಅಪಾಯದ ಮಾತು. ಲೋಡು ಹೇರಿದ ಗಾಡಿ ಇಳಿಜಾರಿನಲ್ಲಿ ಗೇರು ಬಿಟ್ಟರೆ ಇಂಜಿನ್ನಿನ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಆ ದಿನವೇ ಗಾಡಿ ನಿಲ್ಲಿಸಿದೆವು.

ಆಡಳಿತ ಮಂಡಳಿಯ ಸಭೆ ಕರೆಯಲಾಯಿತು. ಮೂರು ಅಭಿಪ್ರಾಯ ಬಂದವು. ಗುಜರಿಗೆ ಕೊಟ್ಟು ಸಾಲ ತೆಗೆದು ಹೊಸ ಗಾಡಿ ತರೋಣ ಎಂದರು ಕೆಲವರು. ಗುಜರಿ ಅಂಗಡಿಯಿಂದ ಹಳೇ ಗೇರ್ ಬಾಕ್ಸು ತಂದು ಕೂಡಿಸೋಣ ಎಂದರು ಕೆಲವರು. ಪೇಟೆಯ ಒಂದು ಗ್ಯಾರೇಜಿನವರಂತೂ ಮುಚ್ಚಳ ಸಹ ತೆಗೆಯದೆ, ಇಡೀ ಬಾಕ್ಸೇ ಬದಲಾಗಬೇಕು ಎಂದು ಚೀಟಿ ಬರೆದುಕೊಟ್ಟರು. ಮೂರನೆಯ ಅಭಿಪ್ರಾಯ ನಮ್ಮ ಹಿರಿಯ ನಿರ್ದೇಶಕರದು. ಅವರು ಅಂದದ್ದು ಇಷ್ಟೇ: “ಎತ್ತಿನ ಕಾಲು ಕುಂಟಿದರ ಮೊದಲು ಗೊರಸು ಎತ್ತಿ ನೋಡತೀವಿ, ಸಂತಿಗೆ ಹೊಡಕೊಂಡು ಹೋಗಂಗಿಲ್ಲ. ಬಿಚ್ಚಿ ನೋಡ್ರಿ, ಆಮ್ಯಾಲ ಬೆಲೆ ಕಟ್ರಿ.”

ಈ ಮಾತಿಗೆ ಎಲ್ಲರೂ ಒಪ್ಪಿದ್ದಕ್ಕೆ ಕಾರಣ ಇದೆ. ಹಣ ನಮ್ಮ ಜೇಬಿನದಲ್ಲ, ಶೇರುದಾರರದು. ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂತು. ಮರುವರ್ಷ 1905ರಲ್ಲಿ ಇಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಕೂಡಿ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದರು. ಆ ನೆಲದ ಪಕ್ಕದವರು ನಾವು. ಸಂಘದ ದುಡ್ಡನ್ನು ಕಣ್ಣು ಮುಚ್ಚಿ ಖರ್ಚು ಮಾಡುವ ಹಕ್ಕು ಯಾವ ನಿರ್ದೇಶಕನಿಗೂ ಇಲ್ಲ. ಒಂದು ಬಿಡಿಭಾಗ ಬದಲಿಸಿದರೆ ತೀರುವ ಕೆಲಸಕ್ಕೆ ಇಡೀ ಬಾಕ್ಸು ಕೊಳ್ಳುವುದು ತಪ್ಪು. ಇಡೀ ಬಾಕ್ಸು ಹೋಗಿದ್ದರೆ ಅದಕ್ಕೆ ತೇಪೆ ಹಚ್ಚುವುದೂ ತಪ್ಪೇ. ಯಾವುದು ಹೌದು ಅಂತ ತಿಳಿಯಬೇಕಾದರೆ ಬಿಚ್ಚಲೇಬೇಕು. ಹುಬ್ಬಳ್ಳಿಯ ವಾಯವ್ಯ ಸಾರಿಗೆ ಸಂಸ್ಥೆಯ ಬಸ್ಸುಗಳನ್ನೇ ನೋಡಿರಿ. ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ 1997ನೇ ಇಸವಿಯಲ್ಲೇ ಹುಟ್ಟಿದ ಸಂಸ್ಥೆ ಅದು. ಬಸ್ಸಿನ ಗೇರ್ ಬಾಕ್ಸು ಕೆಟ್ಟರೆ ಬಸ್ಸನ್ನು ಯಾರೂ ಗುಜರಿಗೆ ಹಾಕುವುದಿಲ್ಲ. ಬಾಕ್ಸನ್ನು ಇಳಿಸಿ, ದುರಸ್ತಿ ಮಾಡಿ, ಮತ್ತೆ ಓಡಿಸುತ್ತಾರೆ.

ಇನ್ನು ಗೇರ್ ಬಾಕ್ಸಿನೊಳಗೆ ಏನಿರುತ್ತದೆ ಅನ್ನುವುದನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಇಂಜಿನ್ನಿಗೆ ಬಿರುಸಾಗಿ ತಿರುಗುವುದು ಗೊತ್ತು, ನಿಂತ ಭಾರವನ್ನು ಎಬ್ಬಿಸುವುದು ಗೊತ್ತಿಲ್ಲ. ಸಣ್ಣ ಚಕ್ರ ದೊಡ್ಡ ಚಕ್ರವನ್ನು ತಿರುಗಿಸಿದರೆ ವೇಗ ಇಳಿದು ಬಲ ಏರುತ್ತದೆ. ಇಂಥ ಗಾಡಿಗಳಲ್ಲಿ ಒಂದನೇ ಗೇರಿನಲ್ಲಿ ಇಂಜಿನ್ನು ಸುಮಾರು ನಾಲ್ಕು ಸುತ್ತು ತಿರುಗಿದರೆ ಬಾಕ್ಸಿನ ಹಿಂದಿನ ತುದಿ ಒಂದು ಸುತ್ತು ತಿರುಗುತ್ತದೆ. ಒಳಗೆ ಮುಖ್ಯವಾಗಿ ಮೂರು ಶಾಫ್ಟು. ಇಂಜಿನ್ನಿನಿಂದ ಬರುವ ಮುಂದಿನ ಶಾಫ್ಟು, ಕೆಳಗೆ ಸದಾ ತಿರುಗುವ ಲೇ ಶಾಫ್ಟು, ಮೇಲೆ ಗಾಲಿಗಳ ಕಡೆಗೆ ಹೋಗುವ ಮೇನ್ ಶಾಫ್ಟು. ಗೇರುಗಳ ಹಲ್ಲು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ನಾವು ಗೇರು ಹಾಕಿದೆವು ಅಂದರೆ, ಮೇನ್ ಶಾಫ್ಟಿನ ಮೇಲೆ ಸಡಿಲವಾಗಿ ತಿರುಗುತ್ತಿರುವ ಗೇರುಗಳಲ್ಲಿ ಒಂದನ್ನು ಒಂದು ತೋಳಿನಂಥ ಉಂಗುರದಿಂದ ಶಾಫ್ಟಿಗೆ ಬೀಗ ಹಾಕಿದೆವು ಅಂತ ಅರ್ಥ. ಆ ತೋಳಿಗೆ ಸ್ಲೀವು ಅನ್ನುತ್ತಾರೆ.

ತಿರುಗುವ ವೇಗ ಬೇರೆ ಬೇರೆ ಇರುವ ಎರಡು ವಸ್ತುಗಳಿಗೆ ಬೀಗ ಹಾಕುವುದು ಹೇಗೆ? ಓಡುವ ಬಂಡಿಗೆ ಹತ್ತುವವನು ಮೊದಲು ಬಂಡಿಯ ಜೊತೆ ನಾಲ್ಕು ಹೆಜ್ಜೆ ಓಡುತ್ತಾನಲ್ಲ, ಹಾಗೆ. ಆ ಓಡಿಸುವ ಕೆಲಸ ಮಾಡುವುದು ಹಿತ್ತಾಳೆ ಬಣ್ಣದ ಒಂದು ಉಂಗುರ, ಸಿಂಕ್ರೊ ರಿಂಗು. ಅದರ ಒಳಮೈಗೆ ಕೂದಲಿನಷ್ಟು ಸಣ್ಣ ಗೆರೆ ಹಾಕಿರುತ್ತಾರೆ. ಗೇರಿನ ಓರೆ ಮೈಯನ್ನು ಅದು ಉಜ್ಜಿ ಹಿಡಿದು ಎರಡರ ವೇಗ ಒಂದು ಮಾಡುತ್ತದೆ. ಆ ಬಳಿಕವೇ ಸ್ಲೀವು ಒಳಗೆ ಜಾರಲು ದಾರಿ ಬಿಡುತ್ತದೆ. ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಇದು 1928ರಲ್ಲಿ ಮೊದಲು ಬಂತು. ನಮ್ಮ ದೇಶದಲ್ಲಿ ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಆ ಕಾಲದ ಮೂರು ಗೇರಿನ ಜೀಪುಗಳಲ್ಲಿ ಒಂದನೇ ಗೇರಿಗೆ ಈ ರಿಂಗು ಇರಲಿಲ್ಲ. ಆದ್ದರಿಂದಲೇ ಹಳೇ ಡ್ರೈವರುಗಳು ಎರಡೆರಡು ಸಲ ಕ್ಲಚ್ಚು ತುಳಿದು, ನಡುವೆ ಆಕ್ಸಿಲೇಟರ್ ಕೊಟ್ಟು, ಕಿವಿಯಿಂದ ವೇಗ ಅಳೆದು ಗೇರು ಇಳಿಸುತ್ತಿದ್ದರು. ಅದಕ್ಕೆ ಡಬಲ್ ಕ್ಲಚ್ ಅನ್ನುತ್ತಿದ್ದರು. ಆ ಕಿವಿ ಈಗಿನವರಿಗೆ ಬೇಕಿಲ್ಲ. ಆದರೆ ಆ ರಿಂಗು ಸವೆದ ದಿನ ಎಲ್ಲರಿಗೂ ಅದರ ನೆನಪಾಗುತ್ತದೆ.

ನಮ್ಮ ಮಿಸ್ತ್ರಿಯವರು ಬಂದರು. ಅರವತ್ತು ದಾಟಿದವರು. ಅವರು ಬಂದ ಕೂಡಲೆ ಪಾನಾ ಹಿಡಿಯಲಿಲ್ಲ, ಕಿವಿ ಕೊಟ್ಟರು. ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಇಟ್ಟರು. ಸದ್ದು ಇತ್ತು. ಕ್ಲಚ್ಚು ಪೂರ್ತಿ ತುಳಿದರು. ಸದ್ದು ನಿಂತಿತು. ಇದರ ಅರ್ಥ, ಕ್ಲಚ್ಚು ಬಿಟ್ಟಾಗ ತಿರುಗುವ ಮುಂದಿನ ಶಾಫ್ಟಿನ ಬೇರಿಂಗೋ ಲೇ ಶಾಫ್ಟಿನ ಬೇರಿಂಗೋ ಹೋಗಿದೆ. ಇದಕ್ಕೆ ತಿರುವಾಗಿ, ತುಳಿದಾಗ ಮಾತ್ರ ಸದ್ದು ಬಂದಿದ್ದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗು. ಅದಕ್ಕಾಗಿ ಗೇರ್ ಬಾಕ್ಸಿನ ಹೊಟ್ಟೆ ಸೀಳಬೇಕಾಗಿಲ್ಲ. ಒಂದೇ ಗೇರಿನಲ್ಲಿ ಸದ್ದು ಇದ್ದರೆ ಆ ಗೇರಿನ ಹಲ್ಲು ನೋಡಬೇಕು. ನಾಲ್ಕನೇ ಗೇರಿನಲ್ಲಿ ಮಾತ್ರ ಸದ್ದು ಕಡಿಮೆ ಆದರೆ ಲೇ ಶಾಫ್ಟಿನ ಮೇಲೆ ಸಂಶಯ ಪಡಬೇಕು, ಯಾಕೆಂದರೆ ನಮ್ಮ ಗಾಡಿಯಂಥವುಗಳಲ್ಲಿ ನಾಲ್ಕರಲ್ಲಿ ಮುಂದಿನ ಶಾಫ್ಟು ಮತ್ತು ಮೇನ್ ಶಾಫ್ಟು ನೇರ ಕೂಡಿಕೊಳ್ಳುತ್ತವೆ, ಲೇ ಶಾಫ್ಟು ಹೊರೆಯಿಲ್ಲದೆ ಸುಮ್ಮನೆ ತಿರುಗುತ್ತದೆ. ಎಲ್ಲ ಗೇರುಗಳಲ್ಲೂ ಕರ್ ಅಂದರೆ ಮೊದಲು ಕ್ಲಚ್ಚು ಪೂರ್ತಿ ಬಿಡುತ್ತದೆಯೋ ಇಲ್ಲವೋ ನೋಡಬೇಕು. ಇಷ್ಟು ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ, ಕಾಲು ತಾಸು ಸಾಕು.

ನಮ್ಮ ಸದಸ್ಯರ ಮಕ್ಕಳಲ್ಲಿ ಐ.ಟಿ.ಐ. ಮಾಡಿದ ಇಬ್ಬರು ಹುಡುಗರನ್ನು ಮಿಸ್ತ್ರಿಯವರ ಕೈಕೆಳಗೆ ಕೊಟ್ಟೆವು. ಒಂದು ಷರತ್ತು ಹಾಕಿದೆವು: ಬಿಚ್ಚಿದ್ದೆಲ್ಲ ಒಂದು ವಹಿಯಲ್ಲಿ ಬರೆಯಬೇಕು, ಮೊಬೈಲಿನಲ್ಲಿ ಫೋಟೊ ತೆಗೆಯಬೇಕು.

ಸಂಘದ ಗೋದಾಮಿನ ಸಪಾಟು ನೆಲದ ಮೇಲೆ ಗಾಡಿ ನಿಲ್ಲಿಸಿ, ಬ್ಯಾಟರಿಯ ತಂತಿ ತೆಗೆದು, ಗಾಲಿಗಳಿಗೆ ಕಲ್ಲು ಕೊಟ್ಟು, ಚೌಕಟ್ಟಿಗೆ ಗಟ್ಟಿ ಸ್ಟ್ಯಾಂಡು ಇಟ್ಟರು. ಬರೀ ಜಾಕಿನ ಮೇಲೆ ಗಾಡಿ ಎತ್ತಿ ಅಡಿಗೆ ನುಗ್ಗುವುದು ಸಾವಿನ ಬಾಯಿಗೆ ತಲೆ ಕೊಟ್ಟ ಹಾಗೆ. ಇದನ್ನು ಎಲ್ಲ ರೈತ ಬಾಂಧವರೂ ನೆನಪಿಡಬೇಕು. ಗಾಲಿಗಳ ಕಡೆ ಹೋಗುವ ಉದ್ದ ಶಾಫ್ಟನ್ನು ಬಿಚ್ಚುವ ಮುಂಚೆ ಎರಡೂ ತುದಿಗೆ ಚುಕ್ಕೆ ಹೊಡೆದರು. ಮರಳಿ ಅದೇ ಚುಕ್ಕೆಗೆ ಕೂಡಿಸದಿದ್ದರೆ ತೂಕ ತಪ್ಪಿ ಗಾಡಿ ನಡುಗುತ್ತದೆ. ಇಂಜಿನ್ನಿನ ಹಿಂಬದಿಗೆ ಕಟ್ಟಿಗೆ ಕೊಟ್ಟು ಆಸರೆ ಮಾಡಿ ಬಾಕ್ಸನ್ನು ನೆಟ್ಟಗೆ ಹಿಂದಕ್ಕೆ ಎಳೆದರು. ಅರ್ಧ ಬಂದಾಗ ಜೋತು ಬೀಳಲು ಬಿಡಬಾರದು, ಬಿಟ್ಟರೆ ಕ್ಲಚ್ ಪ್ಲೇಟು ಸೊಟ್ಟಾಗುತ್ತದೆ.

ಅದಕ್ಕೂ ಮುಂಚೆ, ಬೆಚ್ಚಗಿರುವಾಗಲೇ ಎಣ್ಣೆ ಇಳಿಸಿದ್ದರು. ಮಿಸ್ತ್ರಿಯವರು ಆ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ವೈದ್ಯರು ನಾಡಿ ನೋಡಿದ ಹಾಗೆ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದಿಯಂಥ ನುಣುಪು ಕೆಸರು ಹತ್ತಿದ್ದರೆ ಅದು ವಯಸ್ಸಿನ ಸವೆತ, ಚಿಂತೆಯಿಲ್ಲ. ಉಕ್ಕಿನ ಚೂರು ಸಿಕ್ಕರೆ ಎಲ್ಲೋ ಹಲ್ಲು ಮುರಿದಿದೆ. ಎಣ್ಣೆಯಲ್ಲಿ ಹಳದಿ ಮಿಣುಕು ಕಂಡರೆ ಸಿಂಕ್ರೊ ರಿಂಗು ಕರಗುತ್ತಿದೆ. ನಮ್ಮದರಲ್ಲಿ ಚೂರು ಇರಲಿಲ್ಲ, ಹಳದಿ ಮಿಣುಕು ಬಹಳ ಇತ್ತು. ಎಣ್ಣೆಯೂ ಇರಬೇಕಾದಷ್ಟು ಇರಲಿಲ್ಲ. ಹಲ್ಲು ಉಳಿದಿವೆ, ರಿಂಗು ಹೋಗಿದೆ, ಎಲ್ಲೋ ಸೋರಿಕೆ ಇದೆ ಎಂದು ಬಾಕ್ಸು ತೆರೆಯುವ ಮೊದಲೇ ಅವರು ಹೇಳಿಬಿಟ್ಟರು.

ಬಾಕ್ಸನ್ನು ಹೊರಗಿನಿಂದ ಡೀಸೆಲ್ಲಿನಲ್ಲಿ ತೊಳೆದ ಮೇಲೆಯೇ ತೆರೆದದ್ದು. ಹೊಲದ ಮಣ್ಣು ಒಳಗೆ ಬಿದ್ದರೆ ಹೊಸ ಬೇರಿಂಗಿಗೆ ಅದೇ ಸಾಣೆಕಲ್ಲು. ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಶಾಫ್ಟಿನಿಂದ ಕಳಚಿದ ಒಂದೊಂದು ಭಾಗವನ್ನು ಕಳಚಿದ ಸಾಲಿನಲ್ಲೇ, ಮುಖ ಯಾವ ಕಡೆ ಇತ್ತೋ ಆ ಕಡೆಗೇ ಇಟ್ಟರು. ಸ್ಲೀವಿಗೂ ಅದರ ಒಳಗಿನ ಹಬ್ಬಿಗೂ ಗುರುತು ಹಾಕಿದರು. ಅವೆರಡು ಜೋಡಿಯಾಗಿಯೇ ಸವೆದಿರುತ್ತವೆ, ಹೊರಳಿಸಿ ಕೂಡಿಸಿದರೆ ಮತ್ತೆ ಸರಿ ಕೂಡುವುದಿಲ್ಲ. ಸೂಜಿಯಂಥ ಸಣ್ಣ ರೋಲರುಗಳನ್ನು ಎಣಿಸಿ ವಹಿಯಲ್ಲಿ ಬರೆದು ಡಬ್ಬಿಗೆ ಹಾಕಿದರು. ಒಂದು ಕಡಿಮೆ ಬಿದ್ದರೂ ಕೆಲಸ ಮುಂದೆ ಸಾಗದು.

ಇನ್ನು ಏನು ಸಿಕ್ಕಿತು ಹೇಳುತ್ತೇವೆ. ಮೂರನೇ ಗೇರಿನ ರಿಂಗಿನ ಒಳಗೆರೆ ಅಳಿಸಿ ಕನ್ನಡಿಯಂತೆ ನುಣುಪಾಗಿತ್ತು. ಉಂಗುರವನ್ನು ಗೇರಿನ ಮೇಲೆ ಒತ್ತಿ ಹಿಡಿದು ನಡುವಿನ ಸಂದಿಗೆ ಫೀಲರ್ ಗೇಜು ಹಾಕಿದರೆ, ಕೈಪಿಡಿಯಲ್ಲಿ ಹೇಳಿದ ಕನಿಷ್ಠ ಅಳತೆಯೂ ಇರಲಿಲ್ಲ. ಮುಂದಿನ ಶಾಫ್ಟಿನ ಬೇರಿಂಗನ್ನು ಕೈಯಲ್ಲಿ ತಿರುಗಿಸಿದರೆ ಮರಳು ತುಂಬಿದ ಹಾಗೆ ಗರಗರ. ಒಳದಾರಿಯಲ್ಲಿ ಸಿಡುಬಿನ ಕಲೆಯಂಥ ಕುಳಿ. ಮೂರರ ಸ್ಲೀವಿನ ಹಲ್ಲಿನ ಮೂಲೆ ದುಂಡಗಾಗಿತ್ತು, ಅದನ್ನು ತಳ್ಳುವ ಫೋರ್ಕು ತೆಳ್ಳಗಾಗಿತ್ತು. ಅದಕ್ಕೇ ಗೇರು ಜಿಗಿಯುತ್ತಿದ್ದದ್ದು. ಗೇರನ್ನು ಸ್ಥಾನದಲ್ಲಿ ತಡೆದು ಹಿಡಿಯುವ ಉಕ್ಕಿನ ಗುಂಡುಗಳ ಸ್ಪ್ರಿಂಗುಗಳು ಸೋತಿದ್ದವು. ಹಿಂದಿನ ಆಯಿಲ್ ಸೀಲು ಬಿರುಸಾಗಿ ಬಿರುಕು ಬಿಟ್ಟಿತ್ತು.

ಆದರೆ ನೋಡ್ರಿ, ಬೆಲೆಬಾಳುವ ವಸ್ತುಗಳೆಲ್ಲ ಗಟ್ಟಿಯಿದ್ದವು. ಲೇ ಶಾಫ್ಟಿನ ಹಲ್ಲು, ಮೇನ್ ಶಾಫ್ಟು, ಎಲ್ಲ ಗೇರುಗಳು, ಹೊರಗಿನ ಪೆಟ್ಟಿಗೆ, ಯಾವುದಕ್ಕೂ ಧಕ್ಕೆ ಇರಲಿಲ್ಲ. ಇಡೀ ಬಾಕ್ಸು ಬದಲಿಸಿದ್ದರೆ ಈ ಗಟ್ಟಿ ಸಾಮಾನನ್ನೂ ಗುಜರಿಯ ತೂಕಕ್ಕೆ ಹಾಕಬೇಕಾಗುತ್ತಿತ್ತು. ಹಾಗೆಂದು ಎಲ್ಲ ಬಾಕ್ಸುಗಳೂ ಹೀಗೇ ಉಳಿಯುತ್ತವೆ ಅಂತಲ್ಲ. ಗೇರಿನ ಹಲ್ಲು ಕುಳಿ ಬಿದ್ದಿದ್ದರೆ, ಅದನ್ನೊಂದೇ ಬದಲಿಸಿ ಪ್ರಯೋಜನವಿಲ್ಲ. ಅದಕ್ಕೆ ಕಚ್ಚಿಕೊಂಡು ಸವೆದ ಜೋಡಿಯನ್ನೂ ಬದಲಿಸಬೇಕು, ಇಲ್ಲವಾದರೆ ಹೊಸದು ಹಳೆಯದರ ಜೊತೆ ಕೂಗುತ್ತದೆ. ಪೆಟ್ಟಿಗೆಯಲ್ಲಿ ಬೇರಿಂಗು ಕೂಡುವ ತೂತೇ ಸವೆದು ಸಡಿಲಾಗಿದ್ದರೆ ಖರ್ಚು ಮಿತಿ ಮೀರುತ್ತದೆ. ಆಗ ನಾವೇ ಸಭೆಗೆ ಬಂದು ಬೇಡ ಎನ್ನುತ್ತಿದ್ದೆವು.

ಈ ಸವೆತಕ್ಕೆ ಕಾರಣವನ್ನೂ ಹುಡುಕಿದೆವು. ಒಂದು, ಸೀಲು ಸೋರಿ ಎಣ್ಣೆ ಇಳಿದದ್ದು. ಇನ್ನೊಂದು, ಹಿಂದೆ ದಾರಿಯಲ್ಲಿ ಒಂದು ಗ್ಯಾರೇಜಿನಲ್ಲಿ ಎಣ್ಣೆ ಹಾಕಿಸಿದ ಚೀಟಿ ಸಿಕ್ಕಿತು. ಅದರಲ್ಲಿ ಹಿಂದಿನ ಆಕ್ಸಲ್ಲಿಗೆ ಹಾಕುವ ಎಣ್ಣೆಯನ್ನೇ ಗೇರ್ ಬಾಕ್ಸಿಗೂ ಹಾಕಿದ್ದು ಕಂಡಿತು. ಎರಡೂ ಡಬ್ಬಿಯ ಮೇಲೆ 80ಡಬ್ಲ್ಯು-90 ಅಂತಲೇ ಬರೆದಿರುತ್ತದೆ. ಅದು ದಪ್ಪದ ಲೆಕ್ಕ. ಅದರ ಪಕ್ಕದಲ್ಲಿ ಜಿ.ಎಲ್.-4 ಅಥವಾ ಜಿ.ಎಲ್.-5 ಎಂದಿರುತ್ತದೆ, ಅದು ಜಾತಿಯ ಲೆಕ್ಕ. ಆಕ್ಸಲ್ಲಿನ ಗೇರುಗಳ ಹಲ್ಲು ಒಂದರ ಮೇಲೊಂದು ಬಲವಾಗಿ ಜಾರುತ್ತವೆ. ಅದಕ್ಕಾಗಿ ಜಿ.ಎಲ್.-5ರಲ್ಲಿ ಗಂಧಕ, ರಂಜಕದ ಔಷಧ ಹೆಚ್ಚು. ಅಂಥ ಕೆಲವು ಎಣ್ಣೆ ಹಿತ್ತಾಳೆ ಜಾತಿಯ ಲೋಹಕ್ಕೆ ಒಗ್ಗುವುದಿಲ್ಲ. ಮೇಲಾಗಿ ರಿಂಗಿಗೆ ಉಜ್ಜಿ ಹಿಡಿಯುವುದೇ ಕೆಲಸ. ಅತಿ ಜಾರುವ ಎಣ್ಣೆ ಅದರ ಹಿಡಿತ ಕೆಡಿಸುತ್ತದೆ. ನಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದದ್ದು ಜಿ.ಎಲ್.-4. ಬೇರೆ ಗಾಡಿಗೆ ಬೇರೆ ಇರಬಹುದು. ಆದ್ದರಿಂದ ಅಂಗಡಿಯವನ ಮಾತಿಗಿಂತ ಕೈಪಿಡಿಯ ಮಾತು ಮೇಲು.

ಸಾಮಾನು ಹುಬ್ಬಳ್ಳಿಯಿಂದ ತಂದೆವು. ಬೇರಿಂಗು ಕೊಳ್ಳುವಾಗ ಗಾಡಿಯ ಹೆಸರು ಹೇಳುವುದಕ್ಕಿಂತ ಅದರ ಅಂಚಿಗೆ ಕೊರೆದ ನಂಬರು ಹೇಳುವುದು ಒಳ್ಳೆಯದು. ಇದು ಪಂಪ್‌ಸೆಟ್ಟಿನವರಿಗೂ ಉಪಯೋಗದ ಮಾತು. ಉದಾಹರಣೆಗೆ 6207 ಎಂದಿದ್ದರೆ ಕೊನೆಯ 07ನ್ನು 5ರಿಂದ ಗುಣಿಸಿರಿ, 35 ಮಿಲಿಮೀಟರು ಅದರ ಒಳತೂತು. ನಂಬರು ಒಂದೇ ಇದ್ದರೆ ಅಳತೆಯೂ ಒಂದೇ. ಆದರೆ ನಕಲಿ ಮಾಲು ಪೇಟೆಯಲ್ಲಿ ಉಂಟು. ಬಿಲ್ಲು ಕೊಡದ ಅಂಗಡಿಯ ಬೇರಿಂಗು ಬೇಡ. ಎಲ್ಲ ಬೇರಿಂಗು, ಎಲ್ಲ ಸಿಂಕ್ರೊ ರಿಂಗು, ಮೂರು-ನಾಲ್ಕರ ಸ್ಲೀವು ಹಬ್ಬು ಸಮೇತ, ಫೋರ್ಕು, ಸ್ಪ್ರಿಂಗು, ಸೀಲು, ಗ್ಯಾಸ್ಕೆಟ್ಟು ತಂದೆವು. ಎಲ್ಲ ರಿಂಗು ಯಾಕೆ ಅಂದರೆ, ಒಂದು ಹೋದ ದಾರಿಯಲ್ಲೇ ಉಳಿದವು ಹೊರಟಿರುತ್ತವೆ. ಮತ್ತೊಮ್ಮೆ ಬಾಕ್ಸು ಇಳಿಸುವ ಕೂಲಿ ರಿಂಗಿನ ಬೆಲೆಗಿಂತ ಹೆಚ್ಚು.

ಕಟ್ಟುವಾಗ ಮಿಸ್ತ್ರಿಯವರು ಸುತ್ತಿಗೆಯನ್ನು ದೂರ ಇಡಿಸಿದರು. ಬೇರಿಂಗನ್ನು ಎಣ್ಣೆಯಲ್ಲಿ ಸುಮಾರು 80ರಿಂದ 100 ಡಿಗ್ರಿ ಕಾಯಿಸಿದರೆ ಅದು ಹಿಗ್ಗಿ ಶಾಫ್ಟಿನ ಮೇಲೆ ತಾನೇ ಜಾರಿ ಕೂಡುತ್ತದೆ. ಒತ್ತಬೇಕಾಗಿ ಬಂದರೆ ಬಿಗಿಯಾಗಿ ಕೂಡುವ ಬಳೆಯನ್ನೇ ಒತ್ತಬೇಕು; ಒಳಬಳೆ ಕೂಡಿಸಲು ಹೊರಬಳೆಗೆ ಹೊಡೆದರೆ ಗುಂಡುಗಳ ಗುರುತು ದಾರಿಯಲ್ಲಿ ಒತ್ತಿ, ಹೊಸ ಬೇರಿಂಗು ಕೂಡಿದ ದಿನವೇ ಸಾಯುತ್ತದೆ. ಹೊಸ ರಿಂಗುಗಳನ್ನು ಒಣಗಿದ್ದ ಹಾಗೇ ಕೂಡಿಸದೆ ಗೇರ್ ಎಣ್ಣೆಯಲ್ಲಿ ಅದ್ದಿ ಕೂಡಿಸಿದರು. ಶಾಫ್ಟು ಹಿಂದೆ ಮುಂದೆ ಎಷ್ಟು ಆಡುತ್ತದೆ ಎಂದು ಅಳೆದು, ತೆಳು ತಗಡಿನ ಶಿಮ್ಮು ಹಾಕಿ ಸರಿ ಮಾಡಿದರು.

ಇಲ್ಲಿ ಒಂದು ಸಣ್ಣ ಪಿನ್ನಿನ ಮಾತು ಹೇಳದೆ ಇರಲಾರೆವು. ಗೇರು ತಳ್ಳುವ ಸರಳುಗಳ ನಡುವೆ ಕಡಲೆಕಾಳಿನಷ್ಟು ಸಣ್ಣ ಇಂಟರ್‌ಲಾಕ್ ಪಿನ್ನು ಇರುತ್ತದೆ. ಒಂದು ಸರಳು ಚಲಿಸಿದಾಗ ಅದು ಉಳಿದ ಸರಳುಗಳನ್ನು ಹಿಡಿದು ನಿಲ್ಲಿಸುತ್ತದೆ. ನಮ್ಮ ವಾರ್ಷಿಕ ಸಭೆಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕೂತಿರಬೇಕಲ್ಲ, ಹಾಗೆ. (ಕೂತಿರುವುದಿಲ್ಲ, ಆ ಮಾತು ಬೇರೆ!) ಆ ಪಿನ್ನು ಕೂಡಿಸುವುದು ಮರೆತರೆ ಎರಡು ಗೇರು ಒಮ್ಮೆಗೇ ಬಿದ್ದು ಬಾಕ್ಸು ಬೀಗ ಹಾಕಿದಂತೆ ನಿಂತುಬಿಡುತ್ತದೆ. ಓಡುವ ಗಾಡಿಯಲ್ಲಿ ಹಾಗಾದರೆ ಹಿಂದಿನ ಗಾಲಿಗಳೇ ಕಟ್ಟಿಕೊಳ್ಳುತ್ತವೆ. ಹುಡುಗರು ಅದರ ಹೆಸರಿನ ಮುಂದೆ ವಹಿಯಲ್ಲಿ ಕೆಂಪು ಗೆರೆ ಹಾಕಿದ್ದಾರೆ.

ಕಟ್ಟಿ ಮುಗಿಸಿದ ಬಳಿಕ ಗಾಡಿಗೆ ಏರಿಸುವ ಮುಂಚೆ ನೆಲದ ಮೇಲೆಯೇ ಪರೀಕ್ಷೆ ನಡೆಯಿತು. ಮುಂದಿನ ಶಾಫ್ಟನ್ನು ಕೈಯಿಂದ ತಿರುಗಿಸುತ್ತ ಒಂದೊಂದೇ ಗೇರು ಹಾಕಿ ಸುತ್ತು ಎಣಿಸಿದರು. ಒಂದರಲ್ಲಿ ಸುಮಾರು ನಾಲ್ಕು ಸುತ್ತಿಗೆ ಹಿಂದೆ ಒಂದು, ನಾಲ್ಕರಲ್ಲಿ ಒಂದಕ್ಕೆ ಒಂದು, ಐದರಲ್ಲಿ ಮುಂದೆ ಒಂದು ಸುತ್ತು ತುಂಬುವ ಮೊದಲೇ ಹಿಂದೆ ಒಂದು ಸುತ್ತು ಪೂರ್ತಿ, ರಿವರ್ಸಿನಲ್ಲಿ ತಿರುವು ಉಲ್ಟಾ. ಎಲ್ಲೂ ತಡೆಯಿಲ್ಲ ಎಂದಾದ ಮೇಲೆ, ಕ್ಲಚ್ ಪ್ಲೇಟನ್ನು ನಡುವಿಗೆ ಸರಿ ಹಿಡಿದು ಬಾಕ್ಸು ಏರಿಸಿದರು. ಬಗಲಿನ ತೂತಿನಿಂದ ಎಣ್ಣೆ ತುಳುಕುವವರೆಗೆ ಹಾಕಿದರು. ಮೊದಲು ಖಾಲಿ ಗಾಡಿ, ನಂತರ ಅರ್ಧ ಲೋಡು. ಸಾವಿರ ಕಿಲೋಮೀಟರು ಆದ ಮೇಲೆ ಆ ಎಣ್ಣೆ ಇಳಿಸಿ ಹೊಸದು ಹಾಕಿಸಿದೆವು, ಹೊಸ ಸಾಮಾನಿನ ಮೊದಲ ಪುಡಿ ಹೊರಗೆ ಹೋಗಲಿ ಅಂತ.

ಖರ್ಚಿನ ಪ್ರತಿಯೊಂದು ಬಿಲ್ಲನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ, ಯಾವ ಸದಸ್ಯರೂ ನೋಡಬಹುದು. ಒಟ್ಟು ಖರ್ಚು ಪೇಟೆಯವರು ಚೀಟಿಯಲ್ಲಿ ಬರೆದ ಮೊತ್ತದ ಅರ್ಧಕ್ಕಿಂತ ಬಹಳ ಕಡಿಮೆ ಆಯಿತು. ಅದಕ್ಕಿಂತ ಮುಖ್ಯವಾದದ್ದು, ರೋಹಿಣಿ ಮಳೆ ಬರುವ ಹೊತ್ತಿಗೆ ಗಾಡಿ ದಾರಿಗೆ ಬಂತು. ಬಿತ್ತಿಗಿಯ ಆ ವಾರದಲ್ಲಿ ಗಾಡಿ ಇಲ್ಲದಿದ್ದರೆ ಹೊಲದವನ ಹದ ತಪ್ಪುತ್ತಿತ್ತು. ಹದ ತಪ್ಪಿದ ಬಿತ್ತಿಗಿಗೆ ಯಾವ ಬಿಲ್ಲಿನಲ್ಲೂ ಲೆಕ್ಕ ಬರೆಯಲು ಬರುವುದಿಲ್ಲ.

ಇನ್ನು ಟ್ರ್ಯಾಕ್ಟರು, ಪಿಕಪ್ಪು, ಜೀಪು ಇಟ್ಟುಕೊಂಡ ಬಾಂಧವರಿಗೆ ನಾಲ್ಕು ಮಾತು. ಮೊದಲನೆಯದು, ಗಾಡಿ ನಿಲ್ಲುವ ಜಾಗದ ನೆಲ ನೋಡಿರಿ. ಎಣ್ಣೆಯ ಹನಿ ಕಂಡ ದಿನವೇ ಸೀಲು ಬದಲಿಸಿರಿ. ಗೇರ್ ಬಾಕ್ಸಿನಲ್ಲಿ ಅಷ್ಟು ಅಗ್ಗದ ಸಾಮಾನು ಬೇರೆ ಇಲ್ಲ, ಅದು ಸೋತರೆ ಆಗುವಷ್ಟು ಹಾನಿ ಬೇರೆಯದರಿಂದಲೂ ಇಲ್ಲ. ಎರಡನೆಯದು, ಓಡಿಸುವಾಗ ಕ್ಲಚ್ಚಿನ ಮೇಲೆ ಕಾಲು, ಗೇರು ಕೋಲಿನ ಮೇಲೆ ಕೈ ಇಟ್ಟುಕೊಂಡು ಕೂಡಬೇಡಿರಿ. ಕೈಯ ಭಾರ ಒಳಗಿನ ಫೋರ್ಕನ್ನು ಸ್ಲೀವಿಗೆ ಒತ್ತಿ ಸವೆಸುತ್ತದೆ. ಮೂರನೆಯದು, ಲೋಡಿನ ಲೆಕ್ಕ. ಡಿ.ಎ.ಪಿ. ಚೀಲ 50 ಕಿಲೊ, ಯೂರಿಯಾ ಚೀಲ 45 ಕಿಲೊ. ಇಪ್ಪತ್ತು ಚೀಲ ಡಿ.ಎ.ಪಿ. ಅಂದರೆ ಒಂದು ಟನ್ನು. “ಇನ್ನ ನಾಕು ಚೀಲ ಹಾಕ್ರಿ, ಏನ್ ಆಗಂಗಿಲ್ಲ” ಅನ್ನುವ ಮಾತಿಗೆ ಗೇರ್ ಬಾಕ್ಸು ಕಿವಿಗೊಡುವುದಿಲ್ಲ.

ನಾಲ್ಕನೆಯದು ಬಹಳ ಜನರಿಗೆ ಗೊತ್ತಿಲ್ಲದ್ದು. ಕೆಟ್ಟ ಗಾಡಿಗೆ ಹಗ್ಗ ಕಟ್ಟಿ, ಇಂಜಿನ್ ಬಂದ್ ಇಟ್ಟು, ನ್ಯೂಟ್ರಲ್‌ನಲ್ಲಿ ದೂರದ ಊರಿಗೆ ಎಳೆದು ತರುತ್ತೇವೆ. ಆಗ ಗಾಲಿಗಳಿಂದ ಮೇನ್ ಶಾಫ್ಟು ತಿರುಗುತ್ತಿರುತ್ತದೆ, ಆದರೆ ಕೆಳಗಿನ ಲೇ ಶಾಫ್ಟು ನಿಂತಿರುತ್ತದೆ. ಮೇಲಕ್ಕೆ ಎಣ್ಣೆ ಚಿಮ್ಮಿಸುವುದು ಅದೇ ಲೇ ಶಾಫ್ಟು. ಹೀಗಾಗಿ ಮೇಲಿನ ಬೇರಿಂಗುಗಳು ಒಣಗಿ ತಿರುಗಿ ಸುಡುತ್ತವೆ. ದೂರ ಎಳೆಯಬೇಕಾದರೆ ಹಿಂದಿನ ಉದ್ದ ಶಾಫ್ಟು ಬಿಚ್ಚಿ ಎಳೆಯಿರಿ. ಇಂಜಿನ್ ಬಂದ್ ಮಾಡಿ ಇಳಿಜಾರಿನಲ್ಲಿ ಡೀಸೆಲ್ ಉಳಿಸುವ ಚಾಳಿಗೂ ಇದೇ ಮಾತು ಅನ್ವಯ, ಬ್ರೇಕಿನ ಅಪಾಯ ಬೇರೆ.

ಕೊನೆಯದಾಗಿ ಒಂದು ಮಾತು ಹೇಳಿ ಮುಗಿಸುತ್ತೇವೆ. ಬಾಕ್ಸು ಬದಲಿಸುವವರು ಊರೂರಿಗೆ ಸಿಗುತ್ತಾರೆ. ಬಾಕ್ಸು ಕಟ್ಟುವವರು ಕಡಿಮೆಯಾಗುತ್ತಿದ್ದಾರೆ. ನಮ್ಮ ಮಿಸ್ತ್ರಿಯವರ ಕಣ್ಣು ಮೊದಲಿನಂತಿಲ್ಲ, ಫೀಲರ್ ಗೇಜಿನ ಅಂಕಿ ಓದಲು ಹುಡುಗರನ್ನೇ ಕರೆಯುತ್ತಿದ್ದರು. ಅವರ ಕೈಯೊಳಗಿನ ವಿದ್ಯೆ ಯಾವ ಪುಸ್ತಕದಲ್ಲೂ ಪೂರ್ತಿ ಇಲ್ಲ. ಆ ಇಬ್ಬರು ಹುಡುಗರು ಬರೆದ ವಹಿ ಈಗ ಸಂಘದ ಕಪಾಟಿನಲ್ಲಿ, ಠರಾವು ಪುಸ್ತಕದ ಪಕ್ಕದಲ್ಲಿ ಇದೆ. ಮುಂದಿನ ಸಲ ಪಾನಾ ಹಿಡಿಯುವವರು ಅವರೇ. ಹೊಸ ಗಾಡಿ ಸಂಘಕ್ಕೆ ಒಂದು ದಿನ ಬಂದೇ ಬರುತ್ತದೆ, ಬರಲಿ. ಅದನ್ನೂ ಬಿಚ್ಚಿ ಕಟ್ಟುವ ಕೈಗಳು ನಮ್ಮ ಊರಲ್ಲೇ ಇರಲಿ ಎಂಬುದು ನಮ್ಮ ಆಸೆ.